ಕೆರೆಯ ದಂಡೆಯ ಮನೆ ಮತ್ತು ವಿಜ್ಞಾನೇಶ್ವರ

ನಿವೃತ್ತಿಯ ನಂತರ ಹುಡಗಿಯನ್ನು ಬಿಟ್ಟು ಬಸವಕಲ್ಯಾಣದ ತ್ರಿಪುರಾಂತ ಕೆರೆಯ ಕಡೆಗೆ ಒಂದು ಮನೆ ಕೊಳ್ಳಬೇಕೆಂಬ ಆಸೆ ನನಗಿತ್ತು. ಪೇಟೆಯ ಗದ್ದಲ ಅಲ್ಲಿಗೆ ಮುಟ್ಟುವುದಿಲ್ಲ. ಸಂಜೆ ನೀರಿನ ಮೇಲಿಂದ ತಂಗಾಳಿ ಬೀಸುತ್ತದೆ. 2008ರಲ್ಲಿ ಹಳೆಯ ಮನೆಯೊಂದು ಮನಸ್ಸಿಗೆ ಬಂದಿತು. ಮುಂಗಡವನ್ನೂ ಕೊಟ್ಟೆ. ಅದು ತಾತನ ಕಾಲದ ಆಸ್ತಿ. ಮಾರುವವರು ಮೂವರು ಅಣ್ಣತಮ್ಮಂದಿರು. ಅವರಿಗೊಬ್ಬ ಅಕ್ಕನಿರುವ ಸಂಗತಿ ಮಾತಿನ ನಡುವೆ ತಿಳಿಯಿತು.

"ಅಕ್ಕನ ಲಗ್ನ ಆಗಿ ಇಪ್ಪತ್ತು ವರ್ಷ ಆತು. ಆಕಿ ಸಹಿ ಯಾಕ್ ಬೇಕ್ರಿ ಸರ್?" ಎಂದರು ಹಿರಿಯರು.

ಈ ಪ್ರಶ್ನೆಯ ಬೇರು ಇದೇ ಊರಿನಲ್ಲಿದೆ. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ವ್ಯಾಖ್ಯಾನವನ್ನು ರಚಿಸಿದ್ದು ಕಲ್ಯಾಣದಲ್ಲಿಯೇ. ಕಲ್ಯಾಣದಂತಹ ನಗರ ಮತ್ತೊಂದಿಲ್ಲವೆಂದು ಗ್ರಂಥದ ಕೊನೆಯಲ್ಲಿ ಹಾಡಿ ಹೊಗಳಿದ್ದಾನೆ. (ಈಗಿನ ನಮ್ಮ ರಸ್ತೆಗಳನ್ನು ಆತ ಕಂಡಿರಲಿಲ್ಲ!) ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬುದು ಆತನ ನಿಲುವು. ಬಂಗಾಳದ ಜೀಮೂತವಾಹನನು ತನ್ನ 'ದಾಯಭಾಗ'ದಲ್ಲಿ ತಂದೆಯ ಕಾಲಾನಂತರವೇ ಹಕ್ಕು ಎಂದನು. 1810ರಲ್ಲಿ ಕೋಲ್‌ಬ್ರೂಕ್ ಇವೆರಡರ ದಾಯವಿಭಾಗದ ಪ್ರಕರಣಗಳನ್ನು ಇಂಗ್ಲಿಷಿಗೆ ತಂದನು. ಬಂಗಾಳದ ಕಡೆಯ ಪ್ರದೇಶವನ್ನು ಬಿಟ್ಟರೆ ದೇಶದ ಬಹುಭಾಗದ ನ್ಯಾಯಾಲಯಗಳು ಕಲ್ಯಾಣದ ಪಂಡಿತನನ್ನೇ ಹಿಡಿದವು.

ನನಗೆ ಹೆಚ್ಚು ಸೋಜಿಗವೆನಿಸಿದ್ದು ಭೂಮಿಯ ಮಾರಾಟದ ಮಾತು. ಊರವರು, ಬಂಧುಗಳು, ನೆರೆಯವರು, ದಾಯಾದಿಗಳು ಇವರ ಒಪ್ಪಿಗೆ, ಜೊತೆಗೆ ಹೊನ್ನು ಮತ್ತು ನೀರಿನ ದಾನ, ಹೀಗೆ ಆರರಿಂದ ಭೂಮಿ ಕೈ ಬದಲಿಸುತ್ತದೆ ಎಂಬ ಹಳೆಯ ವಚನವನ್ನು ಆತ ವಿವರಿಸುತ್ತಾನೆ. ಊರವರ ಒಪ್ಪಿಗೆ ವ್ಯವಹಾರ ಬಹಿರಂಗವಾಗಲೆಂದು. ನೆರೆಯವರದು ಗಡಿಯ ತಂಟೆ ಬಾರದಿರಲೆಂದು. ನಮ್ಮ ಉಪನೋಂದಣಿ ಕಚೇರಿಯ ಸಾಕ್ಷಿ, ಚಕ್ಕುಬಂದಿಗಳು ಇನ್ನೇನು?

ಹುಟ್ಟಿನ ಆ ಹಕ್ಕು ಮಗಳಿಗೆ ಮಾತ್ರ ಇರಲಿಲ್ಲ. ಕರ್ನಾಟಕದ ತಿದ್ದುಪಡಿ 1994ರಲ್ಲಿ ಜಾರಿಗೆ ಬಂದಾಗಲೂ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಆಗ ತಂದೆ ಬದುಕಿರಲೇಬೇಕೆಂದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದ್ದು 2020ರಲ್ಲಿ.

ನಾನು ಹಟ ಹಿಡಿದು ಅಕ್ಕನವರ ಊರಿಗೆ ಹೋದೆ. "ಮನಿ ಮಾರತಾರಂತ ನನಗ ಗೊತ್ತೇ ಇದ್ದಿಲ್ರಿ" ಎಂದರು ಆಕೆ. ಪಾಲು ಕೇಳಿದರು, ನಾಲ್ಕರಲ್ಲೊಂದು ಸಿಕ್ಕಿತು. ತಮ್ಮಂದಿರು ನನ್ನೊಡನೆ ಮಾತು ಬಿಟ್ಟರು.

ಇಷ್ಟು ಬರೆದ ಮೇಲೆ ಇನ್ನೊಂದನ್ನೂ ಬರೆಯಬೇಕು. ಹುಡಗಿಯ ಹೊಲಕ್ಕೆ ನನ್ನ ಇಬ್ಬರು ತಂಗಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಪಡೆದ ದಿನ, ಪಾಲು ಬೇಕೇ ಎಂದು ನಾನು ಅವರನ್ನು ಕೇಳಿರಲಿಲ್ಲ. ಇದನ್ನು ಅವರೂ ಓದುತ್ತಾರೆ.