ಇನ್‌ಪ್ರೆಸ್ ಶಾಲೆಗಳು

ಇಂಡೊನೇಷ್ಯಾ ಸರ್ಕಾರ 1973-74ರಿಂದ 1978-79ರವರೆಗೆ ಕಟ್ಟಿಸಿದ 61,000ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳಿಗೆ ಈ ಹೆಸರು. ಇನ್‌ಪ್ರೆಸ್ ಎಂದರೆ ಅಧ್ಯಕ್ಷರ ಆದೇಶ. ತೈಲದ ಬೆಲೆ ಏರಿ ಬೊಕ್ಕಸ ತುಂಬಿದಾಗ ಸುಹಾರ್ತೊ ಸರ್ಕಾರ ಅದರ ಒಂದು ಪಾಲನ್ನು ಶಾಲೆಗಳಿಗೆ ಸುರಿಯಿತು. ಒಂದು ಶಾಲೆಗೆ ಮೂವರು ಉಪಾಧ್ಯಾಯರು, 120 ಮಕ್ಕಳು ಎಂಬ ಲೆಕ್ಕ. ಶಾಲೆಯ ಮೆಟ್ಟಿಲು ಹತ್ತದ ಮಕ್ಕಳು ಎಲ್ಲಿ ಹೆಚ್ಚೋ ಆ ಜಿಲ್ಲೆಗೆ ಹೆಚ್ಚು ಕಟ್ಟಡ. 7ರಿಂದ 12 ವರ್ಷದ ಮಕ್ಕಳ ದಾಖಲಾತಿ ಐದೇ ವರ್ಷಗಳಲ್ಲಿ ಶೇ. 69ರಿಂದ ಶೇ. 83ಕ್ಕೆ ಏರಿತು.

ಓದಿದವರಿಗೆ ಸಂಬಳ ಹೆಚ್ಚು ಎಂಬುದು ಎಲ್ಲರಿಗೂ ಗೊತ್ತು. ಓದಿನಿಂದಲೇ ಹೆಚ್ಚೇ ಎಂಬುದು ಪ್ರಶ್ನೆ. ಅರ್ಥಶಾಸ್ತ್ರಜ್ಞರಾದ ಥಿಯೊಡೋರ್ ಶುಲ್ಟ್ಜ್, ಗ್ಯಾರಿ ಬೆಕರ್ 1960ರ ದಶಕದಲ್ಲಿ ಶಿಕ್ಷಣವನ್ನು ‘ಮಾನವ ಬಂಡವಾಳ’ ಎಂದು ಕರೆದಾಗಲೇ ಆಕ್ಷೇಪ ಎದ್ದಿತ್ತು: ಜಾಣರೂ ಉಳ್ಳವರ ಮಕ್ಕಳೂ ಹೇಗಿದ್ದರೂ ಮುಂದೆ ಬರುತ್ತಾರೆ, ಶಾಲೆಗೇಕೆ ಕೀರ್ತಿ? ಇದಕ್ಕೆ ಒಂದು ಗಟ್ಟಿ ಉತ್ತರ ಕೊಟ್ಟದ್ದು ಈ ಶಾಲೆಗಳು. 1974ರಲ್ಲಿ 12 ದಾಟಿದ್ದ ಹುಡುಗನಿಗೆ ಹೊಸ ಶಾಲೆ ದಕ್ಕಲಿಲ್ಲ. ಅದೇ ಊರಿನ ನಾಲ್ಕು ವರ್ಷದ ಪೋರನಿಗೆ ದಕ್ಕಿತು. ಹುಟ್ಟಿದ ವರ್ಷವನ್ನು ಜಾಣತನವಾಗಲಿ ಅಪ್ಪನ ಆಸ್ತಿಯಾಗಲಿ ನಿರ್ಧರಿಸುವುದಿಲ್ಲ. ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ 1995ರ ಸಮೀಕ್ಷೆಯ ಅಂಕಿಗಳನ್ನು ಹಿಡಿದು, ಹೆಚ್ಚು ಶಾಲೆ ಕಂಡ ಜಿಲ್ಲೆಗಳನ್ನೂ ಕಡಿಮೆ ಕಂಡವನ್ನೂ ಹೀಗೆ ಹೋಲಿಸಿದರು. 2001ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಒಂದು ವರ್ಷದ ಹೆಚ್ಚಿನ ಓದು ಗಂಡಸರ ಕೂಲಿಯನ್ನು ಶೇ. 6.8ರಿಂದ 10.6ರಷ್ಟು ಏರಿಸಿತ್ತು.

ಇನ್ನೊಂದು ಆಕ್ಷೇಪ ಇದಕ್ಕಿಂತ ಹರಿತ. ಓದಿದವನ ಗಳಿಕೆ ಓದದವನ ತಟ್ಟೆಯಿಂದ ಕಿತ್ತದ್ದಾದರೆ ನಾಡಿಗೇನು ಲಾಭ? ಡುಫ್ಲೊ ಅವರೇ 2004ರಲ್ಲಿ ಕಂಡುಕೊಂಡಂತೆ, ಓದಿದ ಕಿರಿಯರು ಹೆಚ್ಚಿದ ಜಿಲ್ಲೆಗಳಲ್ಲಿ ಹಿರಿಯರ ಕೂಲಿ ಬೇರೆಡೆಯಷ್ಟು ಏರಲಿಲ್ಲ. ಈ ನೋವನ್ನು ಮುಚ್ಚಿಡಬಾರದು. ಆದರೆ ಅದಕ್ಕೆ ಅವರು ಕೊಡುವ ಕಾರಣ ಬೇರೆ: ಸಂಬಳದ ಕೆಲಸ ಹುಡುಕಿ ಬಂದವರ ಸಂಖ್ಯೆ ಬೆಳೆದಷ್ಟು ವೇಗವಾಗಿ ಆ ಜಿಲ್ಲೆಗಳಲ್ಲಿ ಯಂತ್ರ, ಕಾರ್ಖಾನೆ, ಬಂಡವಾಳ ಬೆಳೆಯಲಿಲ್ಲ. ತಪ್ಪು ಶಾಲೆಯದಲ್ಲ, ಶಾಲೆಯನ್ನಷ್ಟೇ ಕಟ್ಟಿ ಕೈಬಿಟ್ಟದ್ದು. ಓದು ಕೌಶಲ ಹೆಚ್ಚಿಸದಿದ್ದರೂ ಬರಿಯ ಪ್ರಮಾಣಪತ್ರಕ್ಕೇ ಬೆಲೆ ಸಿಗಬಹುದು ಎಂಬ ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ ಅವರ 1973ರ ವಾದವನ್ನು ಈ ಅಂಕಿಗಳು ಪೂರ್ತಿ ಅಲ್ಲಗಳೆಯುವುದಿಲ್ಲ. ಹಾಗಿದ್ದರೂ ಬಡ ಮಗುವಿಗೆ ಶಾಲೆ ಬೇಡವೆನ್ನಲು ಅದು ಕಾರಣವಾಗದು. ಇಂಡೊನೇಷ್ಯಾ ಕೂಡ ಶಾಲೆಯ ದಾರಿಯನ್ನು ಬಿಡಲಿಲ್ಲ: 1978ರಲ್ಲಿ ಪ್ರಾಥಮಿಕ ಶಾಲೆಯ ಶುಲ್ಕವನ್ನು ರದ್ದು ಮಾಡಿತು. 1984ರಲ್ಲಿ ಆರು ವರ್ಷಗಳ, 1994ರಲ್ಲಿ ಒಂಬತ್ತು ವರ್ಷಗಳ ಶಿಕ್ಷಣವನ್ನು ಕಡ್ಡಾಯಗೊಳಿಸಿತು.