ಹತ್ತಿಂಚಿನ ಚಕ್ರ, ಅಗಲದ ಆಸೆ: ಮಿನಿ ಕಾರಿನ ವೀಲ್ ಕಥೆ

ಭಾಗ 1

ಚಾಮುಂಡಿ ಬೆಟ್ಟದ ತಿರುವಲ್ಲಿ ಆ ಶಬ್ದ ಕೇಳಿದ ಮೇಲೆ ಈ ಕಥೆ ಬರೀಲೇಬೇಕು ಅನ್ನಿಸ್ತು.

ನಮ್ಮ ಕ್ಲಾಸಿನ ಗೆಳೆಯನೊಬ್ಬನ ತಾತನ ಹತ್ರ ಪ್ರೀಮಿಯರ್ ಪದ್ಮಿನಿ ಇದೆ. ಹೋದ ತಿಂಗಳು ಅವನು ಅದಕ್ಕೆ ಅಗಲದ ಅಲಾಯ್ ವೀಲ್, ದಪ್ಪ ಟೈರ್ ಹಾಕಿಸ್ದ. ನಿಂತಾಗ ಗಾಡಿ ಸಖತ್ತಾಗಿ ಕಾಣುತ್ತೆ, ಸುಳ್ಳು ಯಾಕೆ ಹೇಳ್ಲಿ. ಆದರೆ ನಾಲ್ಕು ಜನ ಕೂತು ಬೆಟ್ಟ ಹತ್ತುವಾಗ ಪ್ರತಿ ತಿರುವಿಗೂ ಚರ್ರ್ ಅಂತ ಸದ್ದು. ಟೈರು ಮಡ್‌ಗಾರ್ಡಿನ ಅಂಚಿಗೆ ಉಜ್ಜುತ್ತಿತ್ತು. ಸ್ಟೀರಿಂಗ್ ಹಿಡಿದಿದ್ದ ತಾತ ಒಂದೇ ಮಾತು ಹೇಳಿದ್ರು: "ಇದು ನನ್ನ ಗಾಡಿ ಥರ ತಿರುಗ್ತಾ ಇಲ್ಲ ಕಣೋ."

ಮೊಮ್ಮಗನಿಗೆ ಕೋಪ. ಹಳೇ ಕಾರು ಅಂದ್ರೆ ಮ್ಯೂಸಿಯಮ್ಮಾ, ಏನೂ ಬದಲಾಯಿಸಬಾರದಾ ಅಂತ ಅವನ ವಾದ. ಇದೇ ಜಗಳ ಇಂಗ್ಲೆಂಡಿನ ಒಂದು ಪುಟ್ಟ ಕಾರಿನ ಸುತ್ತ ನಲವತ್ತು ವರ್ಷ ನಡೆದಿದೆ. ಅಲ್ಲಿ ಚಕ್ರ ಅಗಲ ಮಾಡಿದವರಲ್ಲಿ ಗ್ಯಾರೇಜ್ ಹುಡುಗರೂ ಇದ್ದರು, ಕಾರು ತಯಾರಿಸಿದ ಕಂಪನಿಯೂ ಇತ್ತು.

ಭಾಗ 2

1956ರಲ್ಲಿ ಸೂಯೆಜ್ ಬಿಕ್ಕಟ್ಟು. ಬ್ರಿಟನ್ನಿನಲ್ಲಿ ಪೆಟ್ರೋಲ್ ರೇಷನ್ ಆಯ್ತು. ಬಿಎಂಸಿ ಕಂಪನಿಯ ಮುಖ್ಯಸ್ಥ ಲಿಯೊನಾರ್ಡ್ ಲಾರ್ಡ್, ಕಡಿಮೆ ಪೆಟ್ರೋಲ್ ಕುಡಿಯುವ ಸಣ್ಣ ಕಾರು ಬೇಕು ಅಂತ ಅಲೆಕ್ ಇಸ್ಸಿಗೋನಿಸ್‌ಗೆ ಹೇಳಿದ.

ಈ ಇಸ್ಸಿಗೋನಿಸ್ ನಮಗೆ ಪೂರ್ತಿ ಅಪರಿಚಿತ ಏನಲ್ಲ. ಅವನು ಮೊದಲು ಮಾಡಿದ್ದ ಮಾರಿಸ್ ಮೈನರ್ ನಮ್ಮ ದೇಶದಲ್ಲಿ ಬೇಬಿ ಹಿಂದೂಸ್ತಾನ್ ಅನ್ನೋ ಹೆಸರಲ್ಲಿ ಓಡ್ತಿತ್ತು. ಆ ಮೈನರ್ ಇನ್ನೇನು ತಯಾರಾಗಬೇಕು ಅನ್ನುವಾಗ ಇವನಿಗೆ ಅದು ತೀರಾ ಕಿರಿದಾಗಿ ಕಾಣಿಸ್ತು. ಮಾದರಿ ಕಾರನ್ನ ಉದ್ದಕ್ಕೆ ಎರಡು ಹೋಳು ಮಾಡಿಸಿ, ದೂರ ಸರಿಸಿ ನೋಡಿ, ಕೊನೆಗೆ 4 ಇಂಚು ಅಗಲ ಮಾಡಿದ. ಹಳೇ ಮೈನರ್‌ನ ಬಾನೆಟ್ ಮಧ್ಯೆ ಉದ್ದಕ್ಕೂ ಒಂದು ಚಪ್ಪಟೆ ಪಟ್ಟಿ ಇದೆಯಲ್ಲ, ಅದು ಆ ಕೊಯ್ತದ ಗುರುತು.

ಮಿನಿ ವಿಷಯದಲ್ಲಿ ಅವನು ಹಿಡಿದ ಹಠ ಬೇರೆ. ಕಾರಿನ ಉದ್ದ 10 ಅಡಿ. ಅದರಲ್ಲಿ ಸುಮಾರು 80 ಭಾಗ ಜನಕ್ಕೆ ಮತ್ತು ಲಗೇಜಿಗೆ ಸಿಗಬೇಕು. ಅದಕ್ಕೇ ಇಂಜಿನ್ ಅಡ್ಡ ಕೂರಿಸಿದ, ಗೇರ್‌ಬಾಕ್ಸನ್ನ ಇಂಜಿನ್ ಕೆಳಗೆ ಸಂಪ್‌ನೊಳಗೆ ತುರುಕಿದ, ಸ್ಪ್ರಿಂಗ್ ಬದಲು ಅಲೆಕ್ಸ್ ಮೌಲ್ಟನ್ ಮಾಡಿದ ರಬ್ಬರ್ ಕೋನ್ ಹಾಕಿದ. ಇಷ್ಟಾದರೂ ಒಂದು ಕಳ್ಳ ಉಳಿದಿತ್ತು: ಚಕ್ರ. ಚಕ್ರ ದೊಡ್ಡದಾದಷ್ಟೂ ಅದರ ಗೂಡು ಒಳಗೆ ನುಗ್ಗಿ ಕಾಲಿಡೋ ಜಾಗ ತಿನ್ನುತ್ತೆ. ಹಾಗಾಗಿ 10 ಇಂಚಿನ ಚಕ್ರವೇ ಸಾಕು ಅಂದ. ಅಂಥ ಟೈರನ್ನ ಡನ್‌ಲಪ್ ಕಂಪನಿ ಈ ಕಾರಿಗಂತಲೇ ಮಾಡಿಕೊಡ್ತು. ರಿಮ್ಮಿನ ಅಗಲ ಬರೀ 3.5 ಇಂಚು.

1959ರ ಆಗಸ್ಟ್ 26ಕ್ಕೆ ಕಾರು ಹೊರಗೆ ಬಂತು. ಫೋಟೋ ಸರಿಯಾಗಿ ನೋಡಿ, ಚಕ್ರಗಳು ಆಟದ ಸಾಮಾನಿನ ಥರ ಇವೆ. ಅದು ಬಡತನ ಅಂದ್ಕೋಬೇಡಿ, ಇಡೀ ಕಾರಿನ ಲೆಕ್ಕಾಚಾರ ಶುರುವಾಗಿದ್ದೇ ಅಲ್ಲಿಂದ.

ಭಾಗ 3

ರೇಸ್ ಕಾರ್ ಕಟ್ಟುತ್ತಿದ್ದ ಜಾನ್ ಕೂಪರ್, ಈ ಪುಟಾಣಿ ತಿರುವುಗಳಲ್ಲಿ ಅಂಟಿಕೊಂಡು ಓಡೋದು ನೋಡಿ, ಇದಕ್ಕೆ ಇನ್ನಷ್ಟು ಪವರ್ ಕೊಡೋಣ ಅಂದ. ಇಸ್ಸಿಗೋನಿಸ್‌ಗೆ ಅಷ್ಟು ಉತ್ಸಾಹ ಇರಲಿಲ್ಲ. ಅವನ ಕಣ್ಣಲ್ಲಿ ಇದು ಸಾಮಾನ್ಯ ಜನರ ಗಾಡಿ. ಕಂಪನಿಯ ಜಾರ್ಜ್ ಹ್ಯಾರಿಮನ್ ಒಪ್ಪಿದ, 1961ರಲ್ಲಿ ಮಿನಿ ಕೂಪರ್ ಬಂತು.

ತೊಂದರೆ ಶುರುವಾಗಿದ್ದು ಬ್ರೇಕಿನಲ್ಲಿ. 10 ಇಂಚಿನ ಚಕ್ರದೊಳಗೆ ಎಷ್ಟು ದೊಡ್ಡ ಡಿಸ್ಕ್ ಹಿಡಿಸುತ್ತೆ ಹೇಳಿ? 7 ಇಂಚು. ವೇಗ ಹೆಚ್ಚಿದ ಕಾರನ್ನ ಅದು ನಿಲ್ಲಿಸಲಿಕ್ಕೆ ಒದ್ದಾಡ್ತಿತ್ತು. 1963ರ ಕೂಪರ್ ಎಸ್‌ನಲ್ಲಿ ಡಿಸ್ಕ್ 7.5 ಇಂಚಾಯ್ತು, ದಪ್ಪವೂ ಆಯ್ತು. ಬ್ರೇಕಿಗೆ ಗಾಳಿ ಹೋಗಲಿ ಅಂತ ಚಕ್ರಕ್ಕೆ ತೂತುಗಳು ಬಂದವು, 4.5 ಇಂಚು ಅಗಲದ ರಿಮ್ ಬೇಕಾದ್ರೆ ಕಂಪನಿಯೇ ಕೊಡ್ತಿತ್ತು. ಗಮನಿಸಿ: ಅಗಲ ಮಾಡುವ ಚಾಳಿ ಕಾರಿಗೆ ನಾಲ್ಕು ವರ್ಷ ತುಂಬುವಾಗಲೇ ಫ್ಯಾಕ್ಟರಿಯಿಂದಲೇ ಶುರುವಾಗಿತ್ತು.

1964ರ ಜನವರಿ. ಮಾಂಟೆ ಕಾರ್ಲೊ ರ‍್ಯಾಲಿ. ಪ್ಯಾಡಿ ಹಾಪ್‌ಕರ್ಕ್ ಮತ್ತು ಹೆನ್ರಿ ಲಿಡನ್ ಕೆಂಪು ಕೂಪರ್ ಎಸ್‌ನಲ್ಲಿ ಮಿನ್ಸ್ಕ್‌ನಿಂದ ಹೊರಟರು. ಎದುರಿಗಿದ್ದದ್ದು ವಿ8 ಇಂಜಿನ್ನಿನ ಫೋರ್ಡ್ ಫಾಲ್ಕನ್. ಇಂಜಿನ್ ಗಾತ್ರ ನೋಡಿ ಸಮ ಮಾಡುವ ಲೆಕ್ಕ ಆಗಿನ ನಿಯಮದಲ್ಲಿತ್ತು, ಅದೂ ಸಹಾಯ ಮಾಡ್ತು, ಗೆದ್ದದ್ದು ಮಿನಿ.

ಆಮೇಲೆ ಕೇಳ್ಬೇಕಾ! ಊರೂರಿನ ಹುಡುಗರಿಗೂ ರ‍್ಯಾಲಿ ಕಾರಿನ ಲುಕ್ ಬೇಕು. ಎಂಟು ಕಡ್ಡಿಯ ಮೆಗ್ನೀಸಿಯಮ್ ಚಕ್ರ 'ಮಿನಿಲೈಟ್' ಕನಸಿನ ಸಾಮಾನಾಯ್ತು. ದುಡ್ಡಿಲ್ಲದವರು ಸ್ಟೀಲ್ ರಿಮ್ಮನ್ನೇ ಕುಯ್ದು, ಪಟ್ಟಿ ಬೆಸುಗೆ ಹಾಕಿ ಅಗಲ ಮಾಡಿಕೊಂಡರು. ಚಕ್ರ ಬಾಡಿಯಿಂದ ಹೊರಗೆ ಬಂದ್ರೆ? ಮಡ್‌ಗಾರ್ಡ್ ಅಂಚನ್ನ ಕತ್ತರಿಸಿ, ಮೇಲೆ ಫೈಬರ್ ಅರ್ಧಚಂದ್ರ ರಿವೆಟ್ ಹೊಡೆದರು. ಹಾಗೆ ಕತ್ತರಿಸಿದ ತಗಡು ವಾಪಸ್ ಬರಲ್ಲ. ಅದೊಂದು ವಿಷಯಕ್ಕೆ ನನಗೆ ಇವತ್ತೂ ಹೊಟ್ಟೆ ಚುರ್ ಅನ್ನುತ್ತೆ.

ಭಾಗ 4

ಸ್ವಲ್ಪ ಲೆಕ್ಕ, ಓಡಿಹೋಗ್ಬೇಡಿ.

"ಅಗಲ ಟೈರ್ ಅಂದ್ರೆ ರೋಡಿಗೆ ಜಾಸ್ತಿ ರಬ್ಬರ್ ತಾಗುತ್ತೆ" ಅಂತ ಎಲ್ಲರೂ ಹೇಳ್ತಾರೆ. ಮಿನಿ ಸುಮಾರು 600 ಕೆಜಿ. ಮುಂದಿನ ಒಂದೊಂದು ಚಕ್ರದ ಮೇಲೆ ಹತ್ತಿರ ಹತ್ತಿರ 185 ಕೆಜಿ ಬೀಳುತ್ತೆ ಅಂತಿಟ್ಕೊಳ್ಳಿ. ಗಾಳಿ 28 ಪೌಂಡ್ ಹಿಡಿದ್ರೆ ಪ್ರತಿ ಚದರ ಸೆಂಟಿಮೀಟರಿಗೆ 2 ಕೆಜಿ. ಭಾಗಿಸಿ: ನೆಲಕ್ಕೆ ತಾಗೋದು 90 ಚದರ ಸೆಂಟಿಮೀಟರ್ ಚಿಲ್ಲರೆ. ಅಂಗೈಗಿಂತ ತುಸು ದೊಡ್ಡದು, ಅಷ್ಟೇ. ಗಾಳಿ ಅಷ್ಟೇ ಇದ್ದರೆ ಅಗಲದ ಟೈರಿಗೂ ಹೆಚ್ಚುಕಮ್ಮಿ ಇದೇ ಲೆಕ್ಕ. ಬದಲಾಗೋದು ಆಕಾರ: ಉದ್ದ ಕಮ್ಮಿ, ಅಗಲ ಜಾಸ್ತಿ. ಅದರಿಂದ ತಿರುವಿನಲ್ಲಿ ಹಿಡಿತ ಚೆನ್ನಾಗಿರುತ್ತೆ, ನಿಜ. ಆದರೆ ಮಳೆನೀರು ನಿಂತ ರಸ್ತೆಯಲ್ಲಿ ಕಿರಿದಾದ ಟೈರು ನೀರು ಸೀಳಿಕೊಂಡು ಹೋದರೆ, ಅಗಲದ್ದು ಬೇಗ ತೇಲುತ್ತೆ.

ಇನ್ನು ಆಫ್‌ಸೆಟ್. ತುಂಬಿದ ಬಕೆಟ್ಟನ್ನ ಮೈಗೆ ಒತ್ತಿಕೊಂಡು ಹಿಡಿದು ನೋಡಿ, ಆಮೇಲೆ ಕೈ ಚಾಚಿ ಹಿಡಿದು ನೋಡಿ. ಚಕ್ರ ಹೊರಗೆ ಸರಿದಾಗ ಬೇರಿಂಗಿಗೆ ಆಗೋದು ಅದೇ. ಸ್ಟೀರಿಂಗ್ ಭಾರ ಆಗುತ್ತೆ, ಪ್ರತಿ ಹಳ್ಳವೂ ಅದನ್ನ ಪಕ್ಕಕ್ಕೆ ಎಳೆಯುತ್ತೆ. ತಾತ ಹೇಳಿದ್ದು ಇದನ್ನೇ. ಅವರು ಆಫ್‌ಸೆಟ್ ಅನ್ನೋ ಪದ ಬಳಸಲಿಲ್ಲ, ಅಷ್ಟೇ.

ಮತ್ತೆ ಎತ್ತರ. ಮಿನಿಯವರು ಇದರಲ್ಲಿ ಜಾಣರು. 145/80 ಆರ್ 10 ಟೈರಿನ ಎತ್ತರ 486 ಮಿ.ಮೀ. ಅದರ ಬದಲು 165/70 ಆರ್ 10 ಹಾಕಿದ್ರೆ 485. ಅಗಲ 20 ಮಿ.ಮೀ. ಜಾಸ್ತಿ, ಎತ್ತರ ಒಂದೇ ಒಂದು ಮಿ.ಮೀ. ಕಮ್ಮಿ! ಹಾಗಾಗಿ ಸ್ಪೀಡೋಮೀಟರ್ ಸುಳ್ಳು ಹೇಳಲ್ಲ, ಗೇರ್ ಲೆಕ್ಕ ಕೆಡಲ್ಲ. 10 ಇಂಚಿನ ಮಿನಿ ಇಟ್ಟುಕೊಂಡವರಿಗೆ ಈ ಸೈಜ್ ಇವತ್ತಿಗೂ ಅಚ್ಚುಮೆಚ್ಚು.

ಭಾಗ 5

ಕಂಪನಿ ಏನು ಮಾಡ್ತು? ಅದೂ ಸುಮ್ಮನಿರಲಿಲ್ಲ. 1974ರಲ್ಲಿ 1275 ಜಿಟಿ ಮಾದರಿಗೆ 12 ಇಂಚಿನ ಚಕ್ರ ಬಂತು, ಒಳಗೆ 8.4 ಇಂಚಿನ ಡಿಸ್ಕ್. 1984ರಲ್ಲಿ ಎಲ್ಲಾ ಮಿನಿಗೂ 12 ಇಂಚು, ಜೊತೆಗೆ ಮುಂದೆ ಡಿಸ್ಕ್ ಬ್ರೇಕ್, ಚಕ್ರದ ಗೂಡಿಗೆ ಪ್ಲಾಸ್ಟಿಕ್ ಅಂಚು. 1990ರಲ್ಲಿ ಕೂಪರ್ ಹೆಸರು ವಾಪಸ್ ಬಂದಾಗ ಮಿನಿಲೈಟ್ ಥರದ್ದೇ ಅಲಾಯ್ ಚಕ್ರ ಶೋರೂಮಿನಿಂದಲೇ. ಗ್ಯಾರೇಜ್ ಹುಡುಗರ ಆಸೆ ಕಂಪನಿ ಕ್ಯಾಟಲಾಗಿಗೆ ಬಂದುಬಿಡ್ತು. 1996ರ ಸುಮಾರಿಗೆ ಸ್ಪೋರ್ಟ್ಸ್ ಪ್ಯಾಕ್: 13 ಇಂಚಿನ ಚಕ್ರ, 6 ಇಂಚು ಅಗಲದ ರಿಮ್, 175/50 ಟೈರು, ಅದನ್ನ ಮುಚ್ಚಲಿಕ್ಕೆ ದಪ್ಪ ದಪ್ಪ ಮಡ್‌ಗಾರ್ಡ್ ಅಂಚು. 2000ದ ಅಕ್ಟೋಬರಿನಲ್ಲಿ ಕೊನೇ ಮಿನಿ ಬರುವಷ್ಟರಲ್ಲಿ 53 ಲಕ್ಷಕ್ಕೂ ಹೆಚ್ಚು ಕಾರು ಆಗಿದ್ದವು.

ಚಕ್ರ ಬದಲಾದಾಗಲೆಲ್ಲ ಅದರ ಜೊತೆ ಏನೇನು ಬದಲಾಗಿದೆ ಅಂತ ಮತ್ತೊಮ್ಮೆ ಮೇಲೆ ಹೋಗಿ ಓದಿ. ಒಂದ್ಸಲ ಬ್ರೇಕು, ಇನ್ನೊಂದ್ಸಲ ಗೂಡಿನ ಅಂಚು, ಕೆಲವೊಮ್ಮೆ ಎರಡೂ. ನಮ್ಮ ಪದ್ಮಿನಿಗೆ ವೀಲ್ ಹಾಕಿದ ಅಂಗಡಿಯಲ್ಲಿ ನಾಲ್ಕು ನಟ್ಟು ಸರಿಹೋಯ್ತಾ ಅಂತ ನೋಡಿದ್ರೇ ಹೊರತು, ಜನ ಕೂತಾಗ ಗಾಡಿ ಎಷ್ಟು ಇಳಿಯುತ್ತೆ ಅಂತ ಯಾರೂ ಟೇಪ್ ಹಿಡಿದು ಅಳೆಯಲಿಲ್ಲ.

ಹೋದ ಭಾನುವಾರ ನಾವೇ ಅಳೆದ್ವಿ. ಹಿಂದೆ ಮೂವರು ಕೂತು, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರಿಗೂ ತಗಡಿಗೂ ನಡುವೆ ಬೆರಳು ತೂರಲಿಲ್ಲ. "ಅಂಚು ಕತ್ತರಿಸಿಬಿಡೋಣ ಮಗಾ" ಅಂದ ಗೆಳೆಯ. ತಾತ ಏನೂ ಮಾತಾಡದೆ ಒಳಗೆ ಹೋಗಿ ಅಟ್ಟದ ಬೀಗದ ಕೈ ತಂದು ಅವನ ಕೈಗಿಟ್ರು. ಅಂಗಡಿಯವರು ಗುಜರಿ ರೇಟಿಗೆ ಕೇಳಿದ್ದ ಹಳೇ 14 ಇಂಚಿನ ಸ್ಟೀಲ್ ರಿಮ್ಮುಗಳು, ಟೈರ್ ಸಮೇತ, ಗೋಣಿಚೀಲ ಸುತ್ತಿಕೊಂಡು ಅಲ್ಲೇ ಕೂತಿದ್ವು. ಸಂಜೆ ಆರಕ್ಕೆ ಜಾಕ್ ಇಳಿಸಿದ್ವಿ. ಅಲಾಯ್‌ಗಳು ಸದ್ಯಕ್ಕೆ ಅವರ ಹಾಲ್‌ನಲ್ಲಿವೆ. ಸರಿಯಾದ ಆಫ್‌ಸೆಟ್‌ನದ್ದು, ಅರ್ಧ ಇಂಚು ಕಮ್ಮಿ ಅಗಲದ್ದು ಹುಡುಕ್ತಾ ಇದ್ದಾನೆ. ತಾತನೂ ಬೇಡ ಅಂದಿಲ್ಲ.

ಮುಂದಿನ ಕಂತು ಬೇಬಿ ಹಿಂದೂಸ್ತಾನ್ ಬಗ್ಗೆ. ನಿಮ್ಮ ಮನೆಯ ಹಳೇ ಆಲ್ಬಮ್‌ನಲ್ಲಿ ಅದರ ಫೋಟೋ ಇದ್ರೆ ಮೆಸೇಜ್ ಮಾಡಿ. ಬಾನೆಟ್ ಮಧ್ಯದ ಆ ಪಟ್ಟಿ ಕಾಣೋ ಹಾಗಿದ್ರೆ ಇನ್ನೂ ಖುಷಿ.