‘ಶಾಶ್ವತ’: ಒಂದು ಪದದ ಅರ್ಥ ಮತ್ತು ಹೊಣೆ

‘ಶಾಶ್ವತ’ ಎಂಬುದು ಕನ್ನಡದ ನಿತ್ಯವ್ಯವಹಾರದಲ್ಲಿ ಬೆರೆತ ಪದ. ಅರ್ಜಿಗಳಲ್ಲಿ ಶಾಶ್ವತ ವಿಳಾಸ, ದೇಗುಲ ಬಸದಿಗಳಲ್ಲಿ ಶಾಶ್ವತ ಪೂಜಾನಿಧಿ. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳ ಬಯಲುಸೀಮೆಯಲ್ಲಿ ಶಾಶ್ವತ ನೀರಾವರಿ. ಅಳಿಯದ್ದು, ಬದಲಾಗದ್ದು ಎಂಬುದು ಇದಕ್ಕೆ ಸಾಮಾನ್ಯವಾಗಿ ಹೇಳುವ ಅರ್ಥ. ಪದದ ಮೂಲವನ್ನೂ ಪ್ರಯೋಗಗಳನ್ನೂ ಪರಿಶೀಲಿಸಿದರೆ ಈ ಅರ್ಥ ಸಾಲದೆಂದು ತೋರುತ್ತದೆ.

ಸಂಸ್ಕೃತದ ‘ಶಶ್ವತ್’ ಎಂಬುದರಿಂದ ‘ಶಾಶ್ವತ’ ನಿಷ್ಪನ್ನವಾಗಿದೆ. ಶಶ್ವತ್ ಎಂದರೆ ಸದಾ ಎಂದಷ್ಟೇ ಅಲ್ಲ, ಮೇಲಿಂದ ಮೇಲೆ, ಮತ್ತೆ ಮತ್ತೆ ಎಂದೂ ಅರ್ಥ. ಶಾಶ್ವತ ಪೂಜಾನಿಧಿ ಈ ಮೂಲಾರ್ಥವನ್ನು ಉಳಿಸಿಕೊಂಡಿದೆ: ಮೂಲಧನ ಹಾಗೆಯೇ ಇರುತ್ತದೆ, ಅದರ ಬಡ್ಡಿಯಿಂದ ವರ್ಷವರ್ಷವೂ ಪೂಜೆ ಮರುಕಳಿಸುತ್ತದೆ.

ಜೈನದರ್ಶನದ ನಿಲುವೂ ಇದಕ್ಕೆ ಸಮೀಪವಾದುದು. ಉತ್ಪಾದ, ವ್ಯಯ, ಧ್ರೌವ್ಯ ಈ ಮೂರೂ ಕೂಡಿದುದೇ ಸತ್ ಎಂಬುದು ತತ್ತ್ವಾರ್ಥಸೂತ್ರದ ಪ್ರತಿಪಾದನೆ. ದ್ರವ್ಯದೃಷ್ಟಿಯಿಂದ ವಸ್ತು ನಿತ್ಯ, ಪರ್ಯಾಯದೃಷ್ಟಿಯಿಂದ ಅನಿತ್ಯ. ಹುಟ್ಟು ಅಳಿವುಗಳನ್ನು ಬಿಟ್ಟು ಬೇರೆಯಾಗಿ ನಿಂತ ಸ್ಥಿರತೆಯನ್ನು ಈ ದರ್ಶನ ಒಪ್ಪುವುದಿಲ್ಲ.

ಇದಕ್ಕೆ ನಿದರ್ಶನ ಶಿಡ್ಲಘಟ್ಟದ ನೆರೆಯಲ್ಲೇ ಇದೆ. ನಂದಿಯ ಸಮೀಪದ ಗೋಪಿನಾಥ ಬೆಟ್ಟದಲ್ಲಿ ಸುಮಾರು 8ನೆಯ ಶತಮಾನದ ಜೈನ ಶಾಸನವೊಂದಿದೆ. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನಸಂಪುಟದಲ್ಲಿ ಅದು ಸೇರಿದೆ. ಅಲ್ಲಿಯ ಅರ್ಹತ್ ಚೈತ್ಯಾಲಯವನ್ನು ದಶರಥನ ಮಗ ರಾಮನು ಸ್ಥಾಪಿಸಿದನೆಂದೂ ಪಾಂಡವರ ತಾಯಿ ಕುಂತಿಯು ಮತ್ತೆ ಕಟ್ಟಿಸಿದಳೆಂದೂ ಅದು ಹೇಳುತ್ತದೆ. ಇದನ್ನು ಇತಿಹಾಸವೆಂದು ಗ್ರಹಿಸಬೇಕಿಲ್ಲ. ಇಲ್ಲಿರುವ ಮನೋಧರ್ಮ ಮುಖ್ಯ. ಕ್ಷೇತ್ರದ ಪ್ರಾಚೀನತೆಯನ್ನು ಸಾರಹೊರಟ ಶಾಸನಕಾರನು ರಾಮನ ಕಟ್ಟಡವೂ ಜೀರ್ಣವಾಯಿತೆಂಬುದನ್ನು ಮರೆಮಾಚಲಿಲ್ಲ. ಜೀರ್ಣೋದ್ಧಾರ ಅವನಿಗೆ ಕುಂದಾಗಿ ಕಾಣಲಿಲ್ಲ, ಕ್ಷೇತ್ರದ ಹಿರಿಮೆಯಾಗಿ ಕಂಡಿತು.

ಈ ಸೀಮೆಯ ಕೆರೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಕೆರೆ ಕಟ್ಟಿಸಿದವರಿಗೂ ನೋಡಿಕೊಳ್ಳುವವರಿಗೂ ‘ಬಿತ್ತುವಟ್ಟ’ವೆಂಬ ಭೂಮಿ ಸಲ್ಲುತ್ತಿತ್ತು. ದತ್ತಿ ‘ಆಚಂದ್ರಾರ್ಕ’ ಸಲ್ಲಲೆಂದು ಬರೆಸಿ, ಕಲ್ಲಿನ ಮೇಲೆ ಸೂರ್ಯಚಂದ್ರರನ್ನು ಕೆತ್ತಿಸುತ್ತಿದ್ದರು. ಅದರ ಕೆಳಗೇ ಶಾಪಾಶಯದ ಶ್ಲೋಕಗಳು. ಅಳಿಸುವವರು ಬಂದಾರೆಂಬ ಅಂಜಿಕೆ ಇಲ್ಲದಿದ್ದರೆ ಶಾಪವೇಕೆ? ಕೊಡುವುದಕ್ಕಿಂತ ಕೊಟ್ಟುದನ್ನು ಕಾಯುವುದೇ ಮೇಲೆಂದು ಶಾಸನಗಳು ಮತ್ತೆ ಮತ್ತೆ ಹೇಳುವುದೂ ಇದೇ ಕಾರಣಕ್ಕೆ.

ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿಗಳು ಹುಟ್ಟುವುದು ನಂದಿಯ ಬೆಟ್ಟಸಾಲಿನಲ್ಲಿ. ಆದರೂ ಈ ನಾಡಿಗೆ ಜೀವನದಿಯಿಲ್ಲ. ಹಿಪ್ಪುನೇರಳೆ ಬೆಳೆದು ಗೂಡು ಕಟ್ಟಿಸುವ ಶಿಡ್ಲಘಟ್ಟದ ರೈತ ಸಾವಿರ ಅಡಿಗೂ ಆಳಕ್ಕೆ ಕೊಳವೆಬಾವಿ ಕೊರೆಸಬೇಕಾಯಿತು. ‘ಶಾಶ್ವತ ನೀರಾವರಿ’ ಹೋರಾಟದ ಘೋಷವಾದುದು ಈ ಸಂಕಟದಿಂದ. 2014ರಲ್ಲಿ ಎತ್ತಿನಹೊಳೆ ಯೋಜನೆಗೆ ಮುದ್ದೇನಹಳ್ಳಿಯಲ್ಲಿ ಶಂಕುಸ್ಥಾಪನೆಯಾಯಿತು. 2016ರ ಮಾರ್ಚ್‌ನಲ್ಲಿ ರೈತರು ಟ್ರ್ಯಾಕ್ಟರುಗಳಲ್ಲಿ ಬೆಂಗಳೂರಿಗೆ ಹೊರಟರು. ಮುಂದೆ ಬೆಂಗಳೂರಿನ ಸಂಸ್ಕರಿತ ತ್ಯಾಜ್ಯನೀರು ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯ ಮೂಲಕ ಜಿಲ್ಲೆಯ ಕೆರೆಗಳಿಗೆ ಬಂದಿತು. ಅದನ್ನು ಮೂರನೆಯ ಹಂತಕ್ಕೂ ಶುದ್ಧೀಕರಿಸಬೇಕೆಂಬ ಬೇಡಿಕೆಯೂ ಎದ್ದಿತು.

ಈ ಬೇಡಿಕೆಯಲ್ಲಿ ‘ಶಾಶ್ವತ’ ಎಂದರೆ ಒಮ್ಮೆ ಬಂದು ನಿಲ್ಲುವ ನೀರಲ್ಲ, ವರ್ಷವರ್ಷವೂ ಬರುವ ನೀರು. ದೂರದ ಹೊಳೆಯಿಂದಲೇ ಬರಲಿ, ಮಹಾನಗರದಿಂದಲೇ ಬರಲಿ, ಅದು ನಿಲ್ಲಬೇಕಾದುದು ಹಳೆಯ ಕೆರೆಗಳಲ್ಲೇ. ಹೂಳೆತ್ತದ ಕೆರೆಯಲ್ಲಿ, ಒತ್ತುವರಿಯಾದ ರಾಜಕಾಲುವೆಯಲ್ಲಿ ಯಾವ ನೀರೂ ಶಾಶ್ವತವಾಗದು. ಬಿತ್ತುವಟ್ಟ ಬಿಟ್ಟವರಿಗೆ ಇದು ತಿಳಿದಿತ್ತು. ಅದಕ್ಕೆಂದೇ ಅವರು ಆಚಂದ್ರಾರ್ಕವೆಂದು ಬರೆಸಿದ ಕಲ್ಲಿನಲ್ಲಿಯೇ ಕೆರೆಯನ್ನು ಕಾಯುವವನ ಪಾಲನ್ನೂ ಬರೆಸಿದರು.